ಉದ್ಧರಣೆಯ ಹೊಣೆ: ವಿದ್ಯಾರ್ಥಿಪ್ರಬಂಧಗಳಲ್ಲಿ ವಚನಗಳ ಬಳಕೆ

ಶಿವಶರಣರ ವಚನಗಳು ಇಂದು ಎರಡು ನೆಲೆಗಳಲ್ಲಿ ಬಾಳುತ್ತಿವೆ. ಭಕ್ತರ ಪಾಲಿಗೆ ಅವು ಪಾರಾಯಣಕ್ಕೂ ಚಿಂತನೆಗೂ ಒದಗುವ ಅನುಭಾವದ ನುಡಿಗಳು. ಸಾಹಿತ್ಯ ವಿದ್ಯಾರ್ಥಿಗಳ ಪಾಲಿಗೆ ಅವು ಧರ್ಮ, ಸಮಾಜ, ಭಾಷೆ, ಇತಿಹಾಸಗಳನ್ನು ಕುರಿತ ವಾದಗಳಿಗೆ ಆಧಾರಗಳು. ಒಂದೇ ನುಡಿ ಮಂತ್ರವೂ ಆಗಿ ಸಾಕ್ಷಿಯೂ ಆಗಿರುವುದರಿಂದ ಅದನ್ನು ಉದ್ಧರಿಸುವವನ ಹೊಣೆ ಇಮ್ಮಡಿಯಾಗುತ್ತದೆ. ತಪ್ಪಾಗಿ ಉದ್ಧರಿಸಿದ ವಚನದಿಂದ ಭಕ್ತನ ನಂಬಿಕೆಗೂ ಚ್ಯುತಿ, ವಿದ್ವಾಂಸನ ನಿರ್ಣಯಕ್ಕೂ ಚ್ಯುತಿ. ಆದರೂ ಸ್ನಾತಕೋತ್ತರ ಪ್ರಬಂಧಗಳನ್ನೂ ಪಿಎಚ್.ಡಿ. ಮಹಾಪ್ರಬಂಧಗಳನ್ನೂ ಪರಿಶೀಲಿಸುವವರಿಗೆ ಅತ್ಯಂತ ದುರ್ಬಲವಾಗಿ ಕಾಣುವ ಭಾಗವೆಂದರೆ ಉದ್ಧರಣೆಯೇ. ವಾದ ಒಂದು ದಾರಿಯಲ್ಲಿ ಸಾಗುತ್ತಿರುತ್ತದೆ. ನಡುವೆ ಒಂದು ವಚನ ಬಂದು ನಿಲ್ಲುತ್ತದೆ. ವಾದ ಅದರತ್ತ ತಿರುಗಿಯೂ ನೋಡದೆ ಮುಂದೆ ಹೋಗುತ್ತದೆ. ವಚನವನ್ನು ತೆಗೆದುಹಾಕಿದರೂ ಪ್ರಬಂಧಕ್ಕೆ ನಷ್ಟವಿಲ್ಲವೆಂಬಂತಿದ್ದರೆ ಅದು ಆಧಾರವಾಗದೆ ಅಲಂಕಾರವಾಗಿ ಉಳಿಯಿತೆಂದೇ ತಿಳಿಯಬೇಕು.

ಈ ಕಲೆಯನ್ನು ವಿದೇಶದ ಲೇಖನವಿಧಿಗಳಿಂದಲೇ ಕಲಿಯಬೇಕೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಆದರೆ ಆಧಾರವನ್ನು ಮಾತಿನೊಳಗೆ ಹೆಣೆಯುವ ಒಂದು ಖಚಿತವಾದ ಕ್ರಮ ವಚನವಾಙ್ಮಯದಲ್ಲಿಯೇ ಇದೆ. ಶರಣರು, ಅವರಲ್ಲಿಯೂ ಚೆನ್ನಬಸವಣ್ಣನವರು ಮತ್ತು ನಂತರದ ಕಾಲದ ತೋಂಟದ ಸಿದ್ಧಲಿಂಗ ಯತಿಗಳು, ತಮ್ಮ ತತ್ತ್ವಪ್ರತಿಪಾದನೆಯ ವಚನಗಳಲ್ಲಿ ಶ್ರುತಿ ಆಗಮಾದಿಗಳ ವಾಕ್ಯಗಳನ್ನು ತರುವುದುಂಟು. ಹಾಗೆ ತರುವಾಗ ವಾಕ್ಯದ ಮುಂದೆ ‘ಅದೆಂತೆಂದಡೆ’ ಎಂಬ ಪದವೂ ವಾಕ್ಯದ ಹಿಂದೆ ‘ಎಂದುದಾಗಿ’ ಅಥವಾ ‘ಇಂತೆಂದುದಾಗಿ’ ಎಂಬ ಪದವೂ ಬರುತ್ತವೆ. ಓದುಗರು ಇವನ್ನು ಶೈಲಿಯ ರೂಢಿಯೆಂದು ದಾಟಿಹೋಗುತ್ತಾರೆ. ಸೂಕ್ಷ್ಮವಾಗಿ ನೋಡಿದರೆ ಉದ್ಧರಣೆಯ ವ್ಯಾಕರಣವೇ ಈ ಎರಡು ಪದಗಳಲ್ಲಿ ಅಡಗಿದೆ.

ಕನ್ನಡದಲ್ಲಿ ಪರರ ಮಾತನ್ನು ಸೂಚಿಸುವ ‘ಎಂದು’ ಎಂಬ ಅವ್ಯಯ ಆ ಮಾತಿನ ಅನಂತರ ಬರುತ್ತದೆ. ಉದ್ಧೃತ ಭಾಗ ಚಿಕ್ಕದಾಗಿದ್ದರೆ ತೊಡಕಿಲ್ಲ. ಹತ್ತು ಪಂಕ್ತಿಗಳ ವಚನವನ್ನು ಬರೆದು ಕೊನೆಯಲ್ಲಿ ‘ಎಂದು ಹೇಳಿದ್ದಾರೆ’ ಎಂದರೆ, ಮಾತು ಯಾರದು, ಏತಕ್ಕಾಗಿ ಬಂದಿತು ಎಂಬುದು ಓದುಗನಿಗೆ ತಿಳಿಯುವ ವೇಳೆಗೆ ಅವನು ವಚನದ ಆರಂಭವನ್ನು ಮರೆತಿರುತ್ತಾನೆ. ‘ಅದೆಂತೆಂದಡೆ’ ಎಂಬ ಪದ ಈ ತೊಡಕನ್ನು ಬಿಡಿಸುತ್ತದೆ. ಅದು ಒಂದು ಪ್ರಶ್ನೆಯನ್ನೆತ್ತಿ, ಬರಲಿರುವ ಮಾತು ಆ ಪ್ರಶ್ನೆಗೆ ಉತ್ತರವೆಂದು ಮೊದಲೇ ಸೂಚಿಸುತ್ತದೆ. ‘ಎಂದುದಾಗಿ’ ಎಂಬುದು ಇದಕ್ಕಿಂತ ಹೆಚ್ಚಿನ ಕೆಲಸ ಮಾಡುತ್ತದೆ. ಅದರ ಕೊನೆಯ ‘ಆಗಿ’ ಕಾರಣಾರ್ಥವನ್ನು ಹೊತ್ತಿದೆ. ಹೀಗೆ ಹೇಳಲ್ಪಟ್ಟಿರುವ ಕಾರಣದಿಂದ ಎಂದು ಅದರ ತಾತ್ಪರ್ಯ. ಆದ್ದರಿಂದ ಉದ್ಧೃತ ವಾಕ್ಯ ಅಲ್ಲಿಗೇ ನಿಲ್ಲಲಾರದು. ಅದು ಶರಣರ ಸ್ವಂತ ನಿರ್ಣಯಕ್ಕೆ ಹೇತುವಾಗಲೇಬೇಕು. ಮುಂದೆ ಪ್ರಶ್ನೆ, ನಡುವೆ ಆಧಾರ, ಹಿಂದೆ ನಿರ್ಣಯ. ಈ ಮೂರು ಅಂಗಗಳಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಬಿಟ್ಟು ನಡುವಿನದನ್ನು ಮಾತ್ರ ಉಳಿಸಿಕೊಂಡಿರುವುದೇ ಇಂದಿನ ವಿದ್ಯಾರ್ಥಿಪ್ರಬಂಧಗಳ ಮುಖ್ಯ ದೋಷ.

ಕಾಯಕತತ್ತ್ವವನ್ನು ಕುರಿತ ಪ್ರಬಂಧಗಳಲ್ಲಿ ಇದಕ್ಕೆ ಒಳ್ಳೆಯ ನಿದರ್ಶನ ದೊರೆಯುತ್ತದೆ. ಕಾಯಕವನ್ನೂ ಕೈಲಾಸವನ್ನೂ ಒಂದಾಗಿ ಕಾಣುವ ಪ್ರಸಿದ್ಧವಾದ ಮಾತನ್ನು ಉಲ್ಲೇಖಿಸದ ಪ್ರಬಂಧ ವಿರಳ. ಬಹುಮಟ್ಟಿಗೆ ಆ ಮಾತನ್ನು ಬಸವಣ್ಣನವರದೆಂದು ಬರೆಯುವುದು ವಾಡಿಕೆ. ಆದರೆ ಆ ಮಾತು ಬರುವ ವಚನಕ್ಕೆ ಅಮರೇಶ್ವರಲಿಂಗವೆಂಬ ಅಂಕಿತವಿದೆ. ಅದು ಆಯ್ದಕ್ಕಿ ಮಾರಯ್ಯನವರ ವಚನ. ಕರ್ತೃವನ್ನು ತಪ್ಪಿದುದರಿಂದ ಇಲ್ಲಿ ಹೆಸರೊಂದೇ ತಪ್ಪಿದಂತಾಗಲಿಲ್ಲ. ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದ ಶರಣನ ಬಾಯಿಂದ ಬಂದ ಮಾತು ಮಂತ್ರಿಪದವಿಯಲ್ಲಿದ್ದವರ ಮಾತೆಂದಾದಾಗ ಅದರ ಹಿಂದಿನ ಬಾಳಿನ ಬಲವೇ ಮರೆಯಾಗುತ್ತದೆ. ಶ್ರಮವನ್ನು ಮೇಲಿನಿಂದ ಹೊಗಳುವುದು ಬೇರೆ. ಶ್ರಮದೊಳಗಿದ್ದು ಅದರ ನೆಲೆಯನ್ನು ಸಾರುವುದು ಬೇರೆ.

ಎರಡು ಪದಗಳನ್ನು ಕಿತ್ತು ತೆಗೆದುದರಿಂದ ಆದ ಹಾನಿ ಇನ್ನೂ ದೊಡ್ಡದು. ಇಡೀ ವಚನವನ್ನು ಓದಿದರೆ ಅದು ಶ್ರಮದ ಸಾಮಾನ್ಯ ಪ್ರಶಂಸೆಯಲ್ಲವೆಂದು ತಿಳಿಯುತ್ತದೆ. ಕಾಯಕದಲ್ಲಿ ತೊಡಗಿರುವವನು ಗುರುವಿನ ದರ್ಶನವನ್ನೂ ಲಿಂಗದ ಪೂಜೆಯನ್ನೂ ಮರೆಯಬೇಕಾದೀತು, ಎದುರಿಗೆ ಜಂಗಮವಿದ್ದರೂ ಅದರ ಹಂಗನ್ನು ಕಳೆದುಕೊಳ್ಳಬೇಕಾದೀತು ಎಂಬಷ್ಟು ದೂರ ಮಾರಯ್ಯನವರು ಹೋಗುತ್ತಾರೆ. ಕೊನೆಗೆ ತಮ್ಮ ಇಷ್ಟದೈವವೂ ಕಾಯಕದ ಒಳಗೇ ಇರುವುದೆನ್ನುತ್ತಾರೆ. ಗುರು, ಲಿಂಗ, ಜಂಗಮಗಳೆಂಬ ಮೂರು ಪೂಜ್ಯ ತತ್ತ್ವಗಳನ್ನು ಕ್ರಮವಾಗಿ ಹೆಸರಿಸಿ, ಆ ಮೂರಕ್ಕೂ ಎದುರಾಗಿ ಕಾಯಕವನ್ನು ನಿಲ್ಲಿಸುವ ದಿಟ್ಟತನ ಅಲ್ಲಿದೆ. ಆ ತತ್ತ್ವಗಳನ್ನು ನಿರಾಕರಿಸಿ ನಿಲ್ಲಿಸಿದುದಲ್ಲ, ಅವು ಕಾಯಕದಲ್ಲಿಯೇ ಅಡಗಿವೆಯೆಂಬ ನಿಶ್ಚಯದಿಂದ ನಿಲ್ಲಿಸಿದುದು. ಎರಡೇ ಪದಗಳನ್ನು ಉದ್ಧರಿಸುವ ಪ್ರಬಂಧಕ್ಕೆ ಈ ದಿಟ್ಟತನವೂ ತಿಳಿಯದು, ಈ ನಿಶ್ಚಯವೂ ತಿಳಿಯದು.

ಇಂಥ ಪ್ರಬಂಧವೊಂದರ ವಾಕ್ಯಸರಣಿ ಸಾಮಾನ್ಯವಾಗಿ ಹೀಗಿರುತ್ತದೆ: ‘ಶರಣರು ಕಾಯಕಕ್ಕೆ ಮಹತ್ತ್ವ ಕೊಟ್ಟರು. ಇದಕ್ಕೆ ಈ ವಚನವೇ ಸಾಕ್ಷಿ.’ ಅನಂತರ ವಚನ. ಅದಾದ ಮೇಲೆ ‘ಅದೇ ರೀತಿ ದಾಸೋಹಕ್ಕೂ ಮಹತ್ತ್ವ ಕೊಟ್ಟರು’ ಎಂಬ ಹೊಸ ಪರಿಚ್ಛೇದ. ಇದೇ ಸ್ಥಳದಲ್ಲಿ ವಿದ್ಯಾರ್ಥಿ ಹೀಗೆ ಬರೆಯಬಹುದಾಗಿತ್ತು: ‘ಕಾಯಕ ಪೂಜೆಗೆ ಪೂರಕವೆಂದು ಹೇಳುವುದು ಸುಲಭ. ಪೂಜೆಗೂ ಕಾಯಕಕ್ಕೂ ಏಕಕಾಲದಲ್ಲಿ ಕರೆ ಬಂದರೆ ಶರಣನು ಯಾವುದಕ್ಕೆ ಓಗೊಡಬೇಕು? ಈ ಕಠಿಣವಾದ ಪ್ರಶ್ನೆಯನ್ನು ಆಯ್ದಕ್ಕಿ ಮಾರಯ್ಯನವರು ನೇರವಾಗಿ ಎದುರಿಸುತ್ತಾರೆ.’ ಇಷ್ಟಾದ ಮೇಲೆ ವಚನ ಬಂದರೆ ಓದುಗನು ಅದನ್ನು ಉತ್ತರವೆಂದು ಓದುತ್ತಾನೆ. ವಚನದ ಅನಂತರ ಗುರು, ಲಿಂಗ, ಜಂಗಮಗಳ ಕ್ರಮವನ್ನೂ ಕೊನೆಯ ಸಾಲಿನ ತಿರುವನ್ನೂ ಎತ್ತಿತೋರಿಸಿ, ಅದರಿಂದ ತನ್ನ ವಾದಕ್ಕೆ ಏನು ಸಿದ್ಧಿಸಿತೆಂಬುದನ್ನು ಎರಡು ವಾಕ್ಯಗಳಲ್ಲಿ ಹೇಳಿದರೆ ಉದ್ಧರಣೆ ಪೂರ್ಣವಾಗುತ್ತದೆ. ಮೊದಲನೆಯ ಬರವಣಿಗೆಯಲ್ಲಿ ವಚನ ಅತಿಥಿಯಂತೆ ಬಂದು ಹೋಯಿತು. ಎರಡನೆಯದರಲ್ಲಿ ಅದು ಮನೆಯ ತೊಲೆಯಾಗಿ ಭಾರ ಹೊತ್ತಿತು.

ಈ ಸಂದರ್ಭದಲ್ಲಿ ಕ್ರಿಯಾಪದಗಳ ವಿಷಯವನ್ನೂ ಗಮನಿಸಬೇಕು. ವಿದ್ಯಾರ್ಥಿಗಳ ಲೇಖನಿಯಲ್ಲಿ ಶರಣರೆಲ್ಲರೂ ಸದಾ ‘ಹೇಳುತ್ತಾರೆ’. ವಾಸ್ತವವಾಗಿ ಬಸವಣ್ಣನವರು ಒಂದೆಡೆ ಮೊರೆಯಿಡುತ್ತಾರೆ, ಇನ್ನೊಂದೆಡೆ ತಮ್ಮನ್ನೇ ಜರೆದುಕೊಳ್ಳುತ್ತಾರೆ; ಅಲ್ಲಮಪ್ರಭುಗಳು ಪ್ರಶ್ನಿಸುತ್ತಾರೆ, ಛೇಡಿಸುತ್ತಾರೆ, ಒಗಟಿನಲ್ಲಿ ಮುಚ್ಚಿಡುತ್ತಾರೆ; ಅಕ್ಕಮಹಾದೇವಿಯವರು ಹಂಬಲಿಸುತ್ತಾರೆ; ಲಕ್ಕಮ್ಮನವರು ಪತಿಯನ್ನು ಎಚ್ಚರಿಸುತ್ತಾರೆ. ತಕ್ಕ ಕ್ರಿಯಾಪದವನ್ನು ಆರಿಸಿಕೊಂಡಾಗಲೇ ವಚನದ ಅರ್ಧ ವ್ಯಾಖ್ಯಾನ ಮುಗಿದಿರುತ್ತದೆ. ಬಸವಣ್ಣನವರ ಆತ್ಮನಿಂದೆಯ ವಚನಗಳನ್ನು ಅವರ ಜೀವನಚರಿತ್ರೆಗೆ ನೇರ ಆಧಾರವಾಗಿ ಬಳಸುವ ಪ್ರಮಾದ ಹುಟ್ಟುವುದೂ ‘ಹೇಳುತ್ತಾರೆ’ ಎಂಬ ಈ ಒಂದೇ ಪದದಿಂದ. ಭಕ್ತಸ್ಥಲದಲ್ಲಿ ನಿಂತ ಸಾಧಕನ ದೈನ್ಯ ಒಬ್ಬ ವ್ಯಕ್ತಿಯ ತಪ್ಪೊಪ್ಪಿಗೆಯ ದಾಖಲೆಯಲ್ಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯವೆಂಬ ಷಟ್‌ಸ್ಥಲಗಳಲ್ಲಿ ವಚನವನ್ನು ಎಲ್ಲಿ ಇರಿಸಲಾಗಿದೆಯೆಂಬುದನ್ನು ನೋಡಿಕೊಂಡರೆ ಈ ಪ್ರಮಾದ ಬಹುಮಟ್ಟಿಗೆ ತಪ್ಪುತ್ತದೆ. ಬೆಡಗಿನ ವಚನಗಳ ವಿಷಯದಲ್ಲಂತೂ ಅರ್ಥವಿವರಣೆಯಿಲ್ಲದೆ ವಚನವನ್ನು ಆಧಾರವಾಗಿ ಒಡ್ಡುವುದು ಬೀಗ ಹಾಕಿದ ಪೆಟ್ಟಿಗೆಯನ್ನು ತೋರಿಸಿ ಒಳಗೆ ಹೊನ್ನಿದೆಯೆಂದಂತೆ.

ಇನ್ನು ಆಕರಸೂಚನೆಯ ವಿಷಯ. ವಚನಗಳ ಮಟ್ಟಿಗೆ ಮೊಟ್ಟಮೊದಲ ಆಕರಸೂಚನೆ ಅಂಕಿತವೇ. ಅಡಿಟಿಪ್ಪಣಿಯ ಪದ್ಧತಿ ಇಲ್ಲದ ಕಾಲದಲ್ಲಿ, ಓಲೆಗರಿಯಿಂದ ಓಲೆಗರಿಗೆ, ಬಾಯಿಂದ ಬಾಯಿಗೆ ಸಾಗಿದ ಸಾವಿರಾರು ನುಡಿಗಳ ಕರ್ತೃತ್ವವನ್ನು ಕಾಪಾಡಿಕೊಂಡು ಬಂದುದು ಅದು. ಅಂಕಿತವನ್ನು ಬಿಟ್ಟು ವಚನದ ಎರಡು ಸಾಲುಗಳನ್ನು ಮಾತ್ರ ಬರೆಯುವ ಪರಿಪಾಠ ಗೋಡೆಬರಹಗಳಿಂದಲೂ ದೂರವಾಣಿಯ ಸಂದೇಶಗಳಿಂದಲೂ ಪ್ರಬಂಧಗಳಿಗೆ ನುಸುಳಿದೆ. ಕೂಡಲಸಂಗಮದೇವ ಎಂಬುದು ಬಸವಣ್ಣನವರ ಅಂಕಿತ, ಕೂಡಲಚೆನ್ನಸಂಗಮದೇವ ಎಂಬುದು ಚೆನ್ನಬಸವಣ್ಣನವರದು. ಚೆನ್ನಮಲ್ಲಿಕಾರ್ಜುನ ಎಂಬುದು ಅಕ್ಕನವರದು, ಕಪಿಲಸಿದ್ಧಮಲ್ಲಿಕಾರ್ಜುನ ಎಂಬುದು ಸಿದ್ಧರಾಮೇಶ್ವರರದು. ಒಂದು ಪದ ಉದುರಿದರೆ ಕರ್ತೃವೇ ಬದಲಾಗುತ್ತಾನೆ. ಅಂಕಿತದ ಗುರುತ್ವ ಎಷ್ಟೆಂಬುದಕ್ಕೆ ಸಮೀಪಕಾಲದ ಒಂದು ಪ್ರಸಂಗವನ್ನು ನೆನೆಯಬಹುದು. 1996ರಲ್ಲಿ ಪ್ರಕಟವಾದ ಬಸವವಚನಗಳ ಒಂದು ಸಂಕಲನದಲ್ಲಿ ಕೂಡಲಸಂಗಮದೇವ ಎಂಬ ಅಂಕಿತದ ಸ್ಥಾನದಲ್ಲಿ ಲಿಂಗದೇವ ಎಂಬ ಪದವನ್ನಿರಿಸಲಾಯಿತು. 1998ರಲ್ಲಿ ಕರ್ನಾಟಕ ಸರ್ಕಾರ ಆ ಗ್ರಂಥವನ್ನು ಮುಟ್ಟುಗೋಲು ಹಾಕಿತು; 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕ್ರಮವನ್ನು ಎತ್ತಿಹಿಡಿಯಿತು. ವಿವಾದದ ಪಕ್ಷಗಳೇನೇ ಇರಲಿ, ವಿದ್ಯಾರ್ಥಿ ಇದರಿಂದ ತಿಳಿಯಬೇಕಾದುದು ಸ್ಪಷ್ಟವಿದೆ: ಉದ್ಧೃತ ಪಾಠವನ್ನು ವ್ಯಾಖ್ಯಾನಿಸುವ ಅಧಿಕಾರ ಎಲ್ಲರಿಗೂ ಉಂಟು, ತಿದ್ದುವ ಅಧಿಕಾರ ಉದ್ಧರಿಸುವವನಿಗಿಲ್ಲ. ವಚನಗಳ ‘-ಡೆ’ಕಾರದ ರೂಪಗಳನ್ನು ಇಂದಿನ ‘-ರೆ’ಕಾರಕ್ಕೆ ತಿರುಗಿಸಿ ಬರೆಯುವುದು ಚಿಕ್ಕ ತಿದ್ದುಪಡಿಯಂತೆ ಕಂಡರೂ ಅದೂ ತಿದ್ದುಪಡಿಯೇ.

ಅಂಕಿತದ ಅನಂತರ ಆವೃತ್ತಿಯ ಉಲ್ಲೇಖ ಬರಬೇಕು. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದು, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿ ವಚನಗಳನ್ನು ಮುದ್ರಣದ ಬೆಳಕಿಗೆ ತಂದರು. ಶಿ. ಶಿ. ಬಸವನಾಳ, ಆರ್. ಸಿ. ಹಿರೇಮಠ, ಎಲ್. ಬಸವರಾಜು ಮೊದಲಾದ ವಿದ್ವಾಂಸರು ಹಸ್ತಪ್ರತಿಗಳನ್ನು ತೂಗಿನೋಡಿ ಪಾಠಗಳನ್ನು ಪರಿಷ್ಕರಿಸಿದರು. 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟದ 15 ಸಂಪುಟಗಳು ಸರ್ಕಾರದ ಮೂಲಕ ಪ್ರಕಟವಾದವು. ಒಂದೇ ವಚನದ ಪಾಠ ಈ ಆವೃತ್ತಿಗಳಲ್ಲಿ ಎಲ್ಲೆಡೆಯೂ ಒಂದೇ ಆಗಿರುವುದಿಲ್ಲ. ಸಂಖ್ಯೆಯೂ ಬೇರೆ ಬೇರೆ. ‘ಬಸವಣ್ಣನವರ ವಚನ’ ಎಂದಷ್ಟೇ ಬರೆದರೆ ಸಾವಿರಕ್ಕೂ ಮಿಕ್ಕ ವಚನಗಳಲ್ಲಿ ಓದುಗನು ಎಲ್ಲಿ ಹುಡುಕಬೇಕು? ವಚನಕಾರನ ಹೆಸರು, ಸಂಪುಟ, ವಚನಸಂಖ್ಯೆ, ಮುದ್ರಣದ ವರ್ಷ ಇಷ್ಟನ್ನು ಕೊಟ್ಟರೆ ಸಾಕು. ಪುಟದ ಸಂಖ್ಯೆಗಿಂತ ವಚನದ ಸಂಖ್ಯೆಯೇ ಇಲ್ಲಿ ಹೆಚ್ಚು ಉಪಯುಕ್ತ. ವಾದವೇ ಒಂದು ಪದವನ್ನು ಅವಲಂಬಿಸಿದ್ದರೆ ಪಾಠಾಂತರವನ್ನೂ ಅಡಿಟಿಪ್ಪಣಿಯಲ್ಲಿ ಸೂಚಿಸುವುದು ಕರ್ತವ್ಯ. ಪಾಠಾಂತರವೆಂದರೇನು, ಅದು ಹೇಗೆ ಹುಟ್ಟುತ್ತದೆ ಎಂಬುದನ್ನು ಅರಿಯಲು ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು (1964) ಪ್ರತಿಯೊಬ್ಬ ಸಂಶೋಧನ ವಿದ್ಯಾರ್ಥಿಯೂ ಒಮ್ಮೆಯಾದರೂ ಓದಿರಬೇಕು.

ಬೇರೊಬ್ಬ ವಿಮರ್ಶಕನ ಗ್ರಂಥದಲ್ಲಿ ಕಂಡ ವಚನವನ್ನು ಮೂಲದಲ್ಲಿಯೇ ಓದಿದಂತೆ ಉಲ್ಲೇಖಿಸುವುದು ಇನ್ನೊಂದು ಪ್ರಮಾದ. ಆ ವಿಮರ್ಶಕನು ತನಗೆ ಬೇಕಾದ ನಾಲ್ಕು ಪಂಕ್ತಿಗಳನ್ನು ಮಾತ್ರ ಎತ್ತಿಕೊಂಡಿರಬಹುದು. ಬಿಟ್ಟ ಪಂಕ್ತಿಗಳಲ್ಲಿ ವಿರುದ್ಧಾರ್ಥವಿರಬಹುದು. ಮೂಲವನ್ನು ತೆರೆದುನೋಡದ ವಿದ್ಯಾರ್ಥಿ ಅವನ ಆಯ್ಕೆಯನ್ನೂ ಅವನ ಅಚ್ಚಿನ ತಪ್ಪನ್ನೂ ಒಟ್ಟಿಗೆ ಎರವಲು ತಂದಿರುತ್ತಾನೆ. ವಿಮರ್ಶಕನ ಅಭಿಪ್ರಾಯವನ್ನು ಪದಗಳನ್ನಷ್ಟೇ ಹಿಂದುಮುಂದು ಮಾಡಿ ತನ್ನದೆಂಬಂತೆ ಬರೆಯುವುದಂತೂ ಋಣವನ್ನು ಮುಚ್ಚಿಟ್ಟಂತೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗ 2018ರಲ್ಲಿ ಕೃತಿಚೌರ್ಯವನ್ನು ತಡೆಯಲು ನಿಯಮಗಳನ್ನು ರೂಪಿಸಿದ ಮೇಲೆ ಯಂತ್ರದ ಕಣ್ಣು ತಪ್ಪಿಸುವ ಜಾಣ್ಮೆಯೂ ಬೆಳೆದಿದೆ. ಯಂತ್ರಕ್ಕೆ ಅಂಜಿ ಪದ ಬದಲಿಸುವವನಿಗೂ ಸತ್ಯಕ್ಕೆ ಅಂಜಿ ಋಣ ಒಪ್ಪಿಕೊಳ್ಳುವವನಿಗೂ ಇರುವ ಅಂತರ ಶರಣರ ದೃಷ್ಟಿಯಲ್ಲಿ ಚಿಕ್ಕದಲ್ಲ. ನುಡಿಗೂ ನಡೆಗೂ ಹೊಂದಿಕೆಯಿರಬೇಕೆಂದು ಜೀವನದುದ್ದಕ್ಕೂ ಸಾರಿದವರ ವಚನಗಳನ್ನು ಕುರಿತು ಬರೆಯುವವನು ಅಡಿಟಿಪ್ಪಣಿಯಲ್ಲಿ ಅಸತ್ಯವಾಡಿದರೆ ಅದಕ್ಕಿಂತ ವಿಪರ್ಯಾಸ ಬೇರಿಲ್ಲ.

ಉದ್ಧರಣಕಲೆಯ ಮಹಾಮಾದರಿಯೊಂದು ಕನ್ನಡದಲ್ಲಿದೆ, ಅದು ಶೂನ್ಯಸಂಪಾದನೆ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಆರಂಭಿಸಿದ ಈ ಕಾರ್ಯವನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣೊಡೆಯ ಇವರು ಮುಂದುವರಿಸಿದರು. ಬೇರೆ ಬೇರೆ ಶರಣರ ಸಾವಿರಕ್ಕೂ ಮಿಕ್ಕ ವಚನಗಳನ್ನು ಈ ಸಂಪಾದಕರು ಒಂದು ಮಹಾಸಂವಾದವಾಗಿ ಪೋಣಿಸಿದರು. ಅವರ ಸ್ವಂತ ಮಾತೆಂದರೆ ವಚನ ವಚನಗಳ ನಡುವಿನ ಚಿಕ್ಕ ಗದ್ಯಸೇತುಗಳು. ಯಾರು ಯಾರಿಗೆ ನುಡಿದರು, ಯಾವ ಸಂಶಯಕ್ಕೆ ಉತ್ತರವಾಗಿ ನುಡಿದರು, ಅದನ್ನು ಕೇಳಿದವರ ಮನಸ್ಸು ಹೇಗೆ ತಿರುಗಿತು ಎಂಬಿಷ್ಟನ್ನು ಆ ಸೇತುಗಳು ತಿಳಿಸುತ್ತವೆ. ಒಂದು ವಚನವೂ ಅನಾಥವಾಗಿ ನಿಲ್ಲುವುದಿಲ್ಲ. ಸೇತು ಉದ್ದವಾಗಿ ವಚನವನ್ನು ಮುಚ್ಚುವುದಿಲ್ಲ, ತೀರ ಚಿಕ್ಕದಾಗಿ ಓದುಗನನ್ನು ಮುಗ್ಗರಿಸುವಂತೆಯೂ ಮಾಡುವುದಿಲ್ಲ. ಉದ್ಧೃತ ಭಾಗಕ್ಕೂ ಸ್ವಂತ ಮಾತಿಗೂ ಎಷ್ಟು ಪ್ರಮಾಣವಿರಬೇಕೆಂದು ಕೇಳುವ ವಿದ್ಯಾರ್ಥಿಗೆ ಇದಕ್ಕಿಂತ ಉತ್ತಮ ಪಾಠ ದೊರೆಯದು. ಆದರೆ ಸಂಪಾದಕರದು ವಚನಗಳೇ ಮಾತಾಡುವ ಕೃತಿ, ಪ್ರಬಂಧಕಾರನದು ವಾದ ಮಾತಾಡಬೇಕಾದ ಕೃತಿ. ಆದ್ದರಿಂದ ಅವನ ಸೇತುಗಳು ಅಗಲವಾಗಬೇಕು, ವಚನಗಳ ಸಂಖ್ಯೆ ಕಡಿಮೆಯಾಗಬೇಕು.

ಇಲ್ಲಿಯೇ ಮಾದರಿಯ ಮಿತಿಯನ್ನೂ ತಿಳಿಯಬೇಕಾಗುತ್ತದೆ. ಶೂನ್ಯಸಂಪಾದನಕಾರರು ವಚನಗಳಿಗೆ ತಾವು ಕಲ್ಪಿಸಿದ ಸಂದರ್ಭಗಳನ್ನು ಕೊಟ್ಟಿದ್ದಾರೆ. ತತ್ತ್ವವನ್ನು ನಾಟ್ಯರೂಪದಲ್ಲಿ ಬೆಳಗಿಸುವುದು ಅವರ ಉದ್ದೇಶ. ಅದಕ್ಕಾಗಿ ಆ ಸ್ವಾತಂತ್ರ್ಯ ಅವರಿಗೆ ಸಲ್ಲುತ್ತದೆ. ಸಿದ್ಧರಾಮೇಶ್ವರರ ದೀಕ್ಷೆಯ ಪ್ರಸಂಗದಲ್ಲಿ ಸಂಪಾದನೆಗಳೆಲ್ಲವೂ ಒಂದೇ ದಾರಿ ಹಿಡಿದಿಲ್ಲವೆಂಬುದು ಈ ಸ್ವಾತಂತ್ರ್ಯಕ್ಕೆ ಸಾಕ್ಷಿ. ಆದ್ದರಿಂದ ‘ಶೂನ್ಯಸಂಪಾದನೆಯಲ್ಲಿ ಹೇಳಿದೆ’ ಎಂದರೆ ಸಾಲದು. ಯಾವ ಸಂಪಾದನೆಯಲ್ಲಿ ಎಂಬುದನ್ನೂ ಹೇಳಬೇಕು. ಇದಕ್ಕಿಂತ ಮುಖ್ಯವಾಗಿ, 12ನೆಯ ಶತಮಾನದ ವಚನವೊಂದು 15ನೆಯ ಶತಮಾನದ ಸಂವಾದದಲ್ಲಿ ಪಡೆದ ಅರ್ಥವನ್ನು ಮೂಲ ಸಂದರ್ಭದ ಅರ್ಥವೆಂದು ಭಾವಿಸಬಾರದು. ಸಂಪಾದಕರಿಗೆ ಸಲ್ಲುವ ಸ್ವಾತಂತ್ರ್ಯ ಸಂಶೋಧಕನಿಗೆ ಸಲ್ಲದು.

ಅಕ್ಕಮಹಾದೇವಿಯವರ ಚರಿತ್ರೆಯನ್ನು ಬರೆಯುವ ಪ್ರಬಂಧಗಳಲ್ಲಿ ಈ ವಿವೇಚನೆಯ ಅಭಾವ ಎದ್ದುಕಾಣುತ್ತದೆ. ಹರಿಹರನ ರಗಳೆಯಲ್ಲಿ ಅಕ್ಕನವರು ಕರಾರುಗಳೊಡನೆ ಕೌಶಿಕನನ್ನು ವರಿಸುತ್ತಾರೆ. ಅವನನ್ನು ತ್ಯಜಿಸಿದ ಮೇಲೆ ಶ್ರೀಶೈಲಕ್ಕೆ ಹೋಗುತ್ತಾರೆ. ಕಲ್ಯಾಣದ ಪ್ರಸಂಗ ಅಲ್ಲಿಲ್ಲ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ವಿವಾಹವೇ ನಡೆಯುವುದಿಲ್ಲ. ಕಲ್ಯಾಣದಲ್ಲಿ ಪ್ರಭುಗಳೊಡನೆ ನಡೆದ ಪರೀಕ್ಷೆಯ ಸಂವಾದ ತನ್ನ ಪೂರ್ಣ ವೈಭವದಿಂದ ಕಾಣುವುದು ಶೂನ್ಯಸಂಪಾದನೆಗಳಲ್ಲಿ. ವಿದ್ಯಾರ್ಥಿಯಾದರೋ ಮೂರನ್ನೂ ಬೆರೆಸಿ, ಕೌಶಿಕನೊಡನೆ ವಿವಾಹವನ್ನು ಹರಿಹರನಿಂದ, ಕಲ್ಯಾಣವನ್ನು ಶೂನ್ಯಸಂಪಾದನೆಯಿಂದ ತೆಗೆದುಕೊಂಡು ಒಂದು ಕಥೆ ಕಟ್ಟಿ, ಕೊನೆಯಲ್ಲಿ ಒಂದೇ ಅಡಿಟಿಪ್ಪಣಿ ಕೊಡುತ್ತಾನೆ. ಅಡಿಟಿಪ್ಪಣಿ ಇದ್ದ ಮಾತ್ರಕ್ಕೆ ಆಧಾರ ಸಿದ್ಧವಾಗಲಿಲ್ಲ. ಯಾವ ಮಾತು ಯಾವ ಆಕರದ್ದೆಂಬುದನ್ನು ವಾಕ್ಯದೊಳಗೇ ಬಿಡಿಸಿ ಹೇಳಬೇಕು; ಆಕರಗಳು ಭಿನ್ನಿಸಿದಾಗ ಆ ಭಿನ್ನತೆಯನ್ನು ಮುಚ್ಚದೆ, ಅದಕ್ಕೆ ಕಾರಣವೇನಿರಬಹುದೆಂದು ವಿಚಾರಿಸಬೇಕು. ಪ್ರಬಂಧ ಸಂಶೋಧನೆಯಾಗಲು ತೊಡಗುವುದು ಆ ಕ್ಷಣದಲ್ಲಿ.

ಆಕರಗಳ ತೂಕವೂ ಒಂದೇ ಅಲ್ಲ. 1260ರ ಅರ್ಜುನವಾಡದ ಶಾಸನದಲ್ಲಿ ಸಂಗನಬಸವನ ಹೆಸರು ಬರುವುದು ಬಸವಣ್ಣನವರ ಐತಿಹಾಸಿಕತೆಗೆ ಕಲ್ಲಿನ ಸಾಕ್ಷಿ. ಆದರೆ ಆ ಕಲ್ಲು ಅವರ ಅಂತರಂಗವನ್ನು ಹೇಳದು. ವಚನಗಳು ಅಂತರಂಗವನ್ನು ತೋರಿಸುತ್ತವೆ, ತಿಥಿವಾರಗಳನ್ನು ಹೇಳವು. ರಗಳೆ ಪುರಾಣಗಳು ಭಕ್ತಸಮುದಾಯ ಶರಣರನ್ನು ಹೇಗೆ ಕಂಡಿತೆಂಬುದನ್ನು ತಿಳಿಸುತ್ತವೆ. ಒಂದೊಂದು ಆಕರವನ್ನೂ ಅದಕ್ಕೆ ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಕೇಳಬೇಕು. ಕಾಲನಿರ್ಣಯವನ್ನು ಕುರಿತ ಪರಿಚ್ಛೇದದಲ್ಲಿ ವಚನವನ್ನೂ, ಅನುಭಾವವನ್ನು ಕುರಿತ ಪರಿಚ್ಛೇದದಲ್ಲಿ ಶಾಸನವನ್ನೂ ಉದ್ಧರಿಸಿ ಬಳಲುವ ಪ್ರಬಂಧಗಳು ಪ್ರಶ್ನೆಯನ್ನು ತಪ್ಪು ಬಾಗಿಲಲ್ಲಿ ಕೇಳಿದವು.

ಕೊನೆಯದಾಗಿ, ಎಲ್ಲವನ್ನೂ ಮೂಲದ ಮಾತಿನಲ್ಲಿಯೇ ಉದ್ಧರಿಸಬೇಕಾಗಿಲ್ಲ. ಮಾತಿನ ಬನಿಯೇ ಚರ್ಚೆಯ ವಿಷಯವಾಗಿದ್ದರೆ ಇಡೀ ವಚನ ಬೇಕು. ಒಂದು ಪರಿಭಾಷೆ ಮಾತ್ರ ಮುಖ್ಯವಾಗಿದ್ದರೆ ಆ ಪದವನ್ನು ಸ್ವಂತ ವಾಕ್ಯದಲ್ಲಿ ಸೇರಿಸಿದರೆ ಸಾಕು. ಅಭಿಪ್ರಾಯವಷ್ಟೇ ಬೇಕಾಗಿದ್ದರೆ ಸಾರವನ್ನು ತನ್ನ ಮಾತಿನಲ್ಲಿ ಸಂಗ್ರಹಿಸಿ, ವಚನಕಾರನ ಹೆಸರನ್ನೂ ವಚನಸಂಖ್ಯೆಯನ್ನೂ ಕೊಡಬಹುದು. ಸಾರಸಂಗ್ರಹಕ್ಕೆ ಆಕರಸೂಚನೆ ಬೇಡವೆಂಬುದು ತಪ್ಪು ತಿಳಿವಳಿಕೆ. ಮಾತು ತನ್ನದಾದರೂ ಅರ್ಥ ಪರರದೇ. ಪುಟ ತುಂಬಲೆಂದು ವಚನಗಳನ್ನು ಸಾಲುಸಾಲಾಗಿ ಜೋಡಿಸಿದ ಪ್ರಬಂಧಕ್ಕಿಂತ, ಒಂದೇ ವಚನವನ್ನು ಆರಿಸಿ ಅದರ ಒಂದೊಂದು ಪದಕ್ಕೂ ಉತ್ತರ ಕೊಟ್ಟ ಪ್ರಬಂಧ ಹೆಚ್ಚು ಬೆಲೆಯುಳ್ಳದ್ದು.

ಸಾಕ್ಷಿಯನ್ನು ಕರೆಯುವವನಿಗೆ ಮೂರು ಕರ್ತವ್ಯಗಳಿವೆ: ಸಾಕ್ಷಿ ಯಾರೆಂದು ಸಭೆಗೆ ತಿಳಿಸುವುದು, ಸಾಕ್ಷಿಯ ಮಾತನ್ನು ತಿರುಚದೆ ಕೇಳಿಸುವುದು, ಆ ಮಾತಿನಿಂದ ಏನು ಸಿದ್ಧವಾಯಿತೆಂದು ವಿವರಿಸುವುದು. ‘ಅದೆಂತೆಂದಡೆ’ ಎಂದು ಪ್ರಶ್ನೆಯನ್ನು ತೆರೆದು ‘ಎಂದುದಾಗಿ’ ಎಂದು ನಿರ್ಣಯಕ್ಕೆ ನಡೆದ ಶರಣರು ಈ ಮೂರನ್ನೂ ಪಾಲಿಸಿದರು. ಅವರ ವಚನಗಳನ್ನು ಉದ್ಧರಿಸುವ ವಿದ್ಯಾರ್ಥಿ ಅವರ ಮಾತಿನ ಜೊತೆಗೆ ಅವರ ಕ್ರಮವನ್ನೂ ಕಲಿತರೆ, ಪ್ರಬಂಧಕ್ಕೂ ಶ್ರೇಯಸ್ಸು, ವಚನಸಾಹಿತ್ಯಕ್ಕೂ ನ್ಯಾಯ.